ಕೊಲೆಸ್ಟ್ರಾಲ್‌ಗೆ ಹಿಡಿಯುವ ತುಕ್ಕು

ಕೊಲೆಸ್ಟ್ರಾಲ್ ಎಂಬ ಪದ ಇಂದು ಹಳ್ಳಿ, ಪಟ್ಟಣವೆನ್ನದೆ ಎಲ್ಲೆಡೆ ಮನೆಮಾತಾಗಿದೆ. ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ಹಲವರು ಮೊದಲು ಹುಡುಕುವುದು ಆ ಸಾಲನ್ನೇ. ಆದರೆ ಈ ಪದದ ಸುತ್ತ ಎರಡು ಬಗೆಯ ತಪ್ಪು ತಿಳಿವಳಿಕೆಗಳು ಬೆಳೆದುಕೊಂಡಿವೆ. ಕೆಲವರು ಅಂಕಿ ಕೊಂಚ ಏರಿದೊಡನೆ ಹೋಳಿಗೆಯ ಮೇಲಿನ ತುಪ್ಪವನ್ನು ವಿಷವೆಂದೇ ಬಗೆದು ದೂರವಿರಿಸುತ್ತಾರೆ. ಮತ್ತೆ ಕೆಲವರು, 'ನಾವು ಶುದ್ಧ ಶಾಕಾಹಾರಿಗಳು, ಮಾಂಸ ಮೊಟ್ಟೆಗಳನ್ನು ಮುಟ್ಟುವವರಲ್ಲ, ನಮಗೆಲ್ಲಿಯ ಕೊಲೆಸ್ಟ್ರಾಲ್?' ಎಂದು ನಿಶ್ಚಿಂತರಾಗಿ ಪರೀಕ್ಷೆಯ ಗೊಡವೆಗೇ ಹೋಗುವುದಿಲ್ಲ. ಆ ಭಯಕ್ಕೂ ಈ ನಿಶ್ಚಿಂತೆಗೂ ಆಧಾರ ಸಾಲದು.

ಕೊಲೆಸ್ಟ್ರಾಲ್ ಸ್ವಭಾವತಃ ವಿಷವಲ್ಲ. ಅದಿಲ್ಲದೆ ನಮ್ಮ ದೇಹದ ಒಂದು ಜೀವಕೋಶವೂ ಬದುಕಲಾರದು. ಆದರೆ ಆಮ್ಲಜನಕವು ಅಂಕೆಯಿಲ್ಲದೆ ಅದರೊಡನೆ ಕೂಡಿಕೊಂಡಾಗ ಅದರ ಗುಣ ಬದಲಾಗುತ್ತದೆ. ಮಳೆಗಾಳಿಗೆ ಬಿದ್ದ ಕಬ್ಬಿಣ ತುಕ್ಕು ಹಿಡಿಯುವುದೂ, ಬಹುದಿನ ಇಟ್ಟ ಎಣ್ಣೆ ಕಮಟಾಗುವುದೂ ಇದೇ ಬಗೆಯ ಬದಲಾವಣೆಗಳು. ಇದನ್ನು ರಸಾಯನಶಾಸ್ತ್ರವು ಉತ್ಕರ್ಷಣ ಎನ್ನುತ್ತದೆ. ಹೀಗೆ ಉತ್ಕರ್ಷಣಗೊಂಡ ಕೊಲೆಸ್ಟ್ರಾಲ್ ಸಂಯುಕ್ತಗಳಿಗೆ ಆಕ್ಸಿಸ್ಟೆರಾಲ್‌ಗಳೆಂದು ಹೆಸರು. ಇವು ಜೀವಕೋಶವನ್ನು ಹೇಗೆ ಕೆಡಿಸುತ್ತವೆ, ರೋಗಕ್ಕೆ ಹೇಗೆ ದಾರಿಮಾಡುತ್ತವೆ, ಅವುಗಳನ್ನು ತಡೆಯಲು ನಮ್ಮ ಕೈಯಲ್ಲಿರುವುದೇನು ಎಂಬುದನ್ನು ಈ ಲೇಖನದಲ್ಲಿ ಅರಿಯೋಣ.

ದೇಹಕ್ಕೆ ಕೊಲೆಸ್ಟ್ರಾಲ್ ಏಕೆ ಬೇಕು?

ಕೊಲೆಸ್ಟ್ರಾಲ್ ಮೇಣದಂತಹ ಒಂದು ವಸ್ತು. 18ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಇದನ್ನು ಮೊದಲು ಗುರುತಿಸಿದ್ದು ಪಿತ್ತಕೋಶದ ಕಲ್ಲುಗಳಲ್ಲಿ. ಗ್ರೀಕ್ ಭಾಷೆಯಲ್ಲಿ ಪಿತ್ತವನ್ನು ಸೂಚಿಸುವ ಪದವೂ ಗಟ್ಟಿಯಾದುದನ್ನು ಸೂಚಿಸುವ ಪದವೂ ಸೇರಿ ಈ ಹೆಸರು ಹುಟ್ಟಿತು. ಇದರ ಒಂದು ಅಣುವಿನಲ್ಲಿ 27 ಇಂಗಾಲ, 46 ಜಲಜನಕ ಹಾಗೂ ಒಂದೇ ಒಂದು ಆಮ್ಲಜನಕದ ಪರಮಾಣು ಇರುತ್ತವೆ. ಆಮ್ಲಜನಕ ಒಂದೇ ಎಂಬ ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಎರಡನೆಯ ಆಮ್ಲಜನಕ ಬಂದು ಸೇರುವುದರದೇ ಆಗಿದೆ.

ಜೀವಕೋಶವನ್ನು ಸುತ್ತುವರಿದ ತೆಳುಪೊರೆಗೆ ಹದವಾದ ಗಡಸುತನವನ್ನು ಕೊಡುವುದು ಕೊಲೆಸ್ಟ್ರಾಲ್. ಆಹಾರದ ಜಿಡ್ಡನ್ನು ಜೀರ್ಣಿಸಲು ಬೇಕಾದ ಪಿತ್ತಾಮ್ಲಗಳು, ಹಲವು ಹಾರ್ಮೋನುಗಳು, ಬಿಸಿಲಿನ ನೆರವಿನಿಂದ ಚರ್ಮದಲ್ಲಿ ಸಿದ್ಧವಾಗುವ ಡಿ ಜೀವಸತ್ವ, ಇವೆಲ್ಲಕ್ಕೂ ಕೊಲೆಸ್ಟ್ರಾಲ್ ಹಾಗೂ ಅದರ ಸಮೀಪದ ಬಂಧುಗಳೇ ಮೂಲದ್ರವ್ಯ. ದೇಹತೂಕದ ಶೇಕಡಾ 2ರಷ್ಟೇ ಇರುವ ಮಿದುಳಿನಲ್ಲಿ ದೇಹದ ಒಟ್ಟು ಕೊಲೆಸ್ಟ್ರಾಲಿನ ಸುಮಾರು ಕಾಲುಭಾಗ ನೆಲೆಸಿದೆ.

ಇಷ್ಟು ಅವಶ್ಯವಾದ ವಸ್ತುವಿಗಾಗಿ ದೇಹವು ಊಟದ ತಟ್ಟೆಯನ್ನೇ ನಂಬಿ ಕುಳಿತಿಲ್ಲ. ಬೇಕಾದುದರ ಹೆಚ್ಚಿನ ಪಾಲನ್ನು ಯಕೃತ್ತು ಹಾಗೂ ಇತರ ಅಂಗಗಳು ತಾವೇ ತಯಾರಿಸಿಕೊಳ್ಳುತ್ತವೆ. ಆ ತಯಾರಿಕೆಯ ಹಂತಗಳನ್ನು ಬಿಡಿಸಿ ತೋರಿಸಿದ್ದಕ್ಕಾಗಿ ಕಾನ್ರಾಡ್ ಬ್ಲಾಕ್ ಮತ್ತು ಫಿಯೊಡೋರ್ ಲೀನೆನ್ ಅವರಿಗೆ 1964ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದುದರಿಂದ ಜೀವಮಾನದಲ್ಲಿ ಒಮ್ಮೆಯೂ ಮಾಂಸ ಮುಟ್ಟದವರ ರಕ್ತದಲ್ಲಿಯೂ ಕೊಲೆಸ್ಟ್ರಾಲ್ ಇರುತ್ತದೆ, ಮಿತಿಮೀರಿ ಏರಲೂಬಹುದು. ಹಾಲು, ಕೆನೆ, ಬೆಣ್ಣೆ, ತುಪ್ಪಗಳಿಂದ ಬರುವುದು ಬೇರೆ. 100 ಗ್ರಾಂ ತುಪ್ಪದಲ್ಲಿ ಸುಮಾರು 250ರಿಂದ 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಇರುತ್ತದೆ.

ಜಿಡ್ಡು ನೀರಿನಲ್ಲಿ ಬೆರೆಯದಂತೆ ಕೊಲೆಸ್ಟ್ರಾಲ್ ರಕ್ತದಲ್ಲಿಯೂ ಕರಗುವುದಿಲ್ಲ. ಆದುದರಿಂದ ಅದು ಪ್ರೋಟೀನಿನ ಹೊದಿಕೆಯಿರುವ ಕಣಗಳಲ್ಲಿ ಕುಳಿತು ಸಂಚರಿಸುತ್ತದೆ. ನಾವು ವರದಿಯಲ್ಲಿ ಎಲ್‌ಡಿಎಲ್ ಎಂದು ಓದುವುದು ಇಂತಹ ಒಂದು ಬಗೆಯ ಕಣವನ್ನು. ಒಂದು ಎಲ್‌ಡಿಎಲ್ ಕಣದೊಳಗೆ ಸುಮಾರು 2,000 ಕೊಲೆಸ್ಟ್ರಾಲ್ ಅಣುಗಳು ತುಂಬಿರುತ್ತವೆ. ಅವುಗಳನ್ನು ಕೆಡದಂತೆ ಕಾಯಲು ಅದೇ ಕಣದಲ್ಲಿ ಇ ಜೀವಸತ್ವದ ಅಣುಗಳೂ ಇರುತ್ತವೆ, ಆದರೆ ಕೇವಲ ಬೆರಳೆಣಿಕೆಯಷ್ಟು.

ತುಕ್ಕು ಹಿಡಿಯುವ ಬಗೆ

ಕೊಲೆಸ್ಟ್ರಾಲ್ ಅಣುವಿನ 5 ಮತ್ತು 6ನೆಯ ಇಂಗಾಲಗಳ ನಡುವೆ ಒಂದು ಜೋಡಿಬಂಧವಿದೆ. ಅದರ ನೆರೆಯ 7ನೆಯ ಇಂಗಾಲವೇ ಈ ಅಣುವಿನ ದುರ್ಬಲ ಸ್ಥಾನ. ಅಲ್ಲಿಂದ ಜಲಜನಕದ ಒಂದು ಪರಮಾಣು ಸುಲಭವಾಗಿ ಕಿತ್ತುಬರುತ್ತದೆ. ತೆರವಾದ ಜಾಗಕ್ಕೆ ಆಮ್ಲಜನಕ ಬಂದು ಕೂಡುತ್ತದೆ. ಹೀಗೆ ಹುಟ್ಟುವ ಸಂಯುಕ್ತಗಳಲ್ಲಿ 7-ಕೀಟೊಕೊಲೆಸ್ಟ್ರಾಲ್ ಮತ್ತು 7-ಬೀಟಾ ಹೈಡ್ರಾಕ್ಸಿಕೊಲೆಸ್ಟ್ರಾಲ್ ಎಂಬೆರಡು ಮುಖ್ಯವಾದವು.

ಈ ಕ್ರಿಯೆಯನ್ನು ಆರಂಭಿಸುವುದು ಮುಕ್ತ ರ‍್ಯಾಡಿಕಲ್‌ಗಳೆಂಬ ಅಸ್ಥಿರ ಕಣಗಳು. ತಮಗೆ ಕೊರತೆಯಾದ ಎಲೆಕ್ಟ್ರಾನನ್ನು ಅವು ನೆರೆಯ ಅಣುವಿನಿಂದ ಕಸಿದುಕೊಳ್ಳುತ್ತವೆ. ಕಳೆದುಕೊಂಡ ಅಣು ಮತ್ತೊಂದರಿಂದ ಕಸಿಯುತ್ತದೆ. ಒಂದು ಗುಡಿಸಲಿಗೆ ಹತ್ತಿದ ಬೆಂಕಿ ಸಾಲುಗುಡಿಸಲುಗಳಿಗೆ ಹಬ್ಬುವಂತೆ ಇದು ಸರಪಳಿಯಾಗಿ ಮುಂದುವರಿಯುತ್ತದೆ. ಈ ಬೆಂಕಿ ಬೇಗ ಹತ್ತುವುದು ಬಹು ಅಪರ್ಯಾಪ್ತ ಕೊಬ್ಬಿನಾಮ್ಲಗಳಿಗೆ. ಅವುಗಳ ಮಗ್ಗುಲಲ್ಲಿರುವ ಕೊಲೆಸ್ಟ್ರಾಲ್‌ಗೂ ಅಲ್ಲಿಂದ ಹಬ್ಬುತ್ತದೆ. ಅಡುಗೆಮನೆಯಲ್ಲಿ ಕಾವು, ಬೆಳಕು, ಗಾಳಿ ಹಾಗೂ ತಾಮ್ರ, ಕಬ್ಬಿಣಗಳಂತಹ ಲೋಹದ ಅಂಶಗಳು ಇದಕ್ಕೆ ಗಾಳಿಯೂದುತ್ತವೆ. ದೇಹದೊಳಗೆ ತಂಬಾಕಿನ ಹೊಗೆ, ಹತೋಟಿ ತಪ್ಪಿದ ಮಧುಮೇಹ ಮತ್ತು ಬಹುಕಾಲದ ಉರಿಯೂತಗಳು ಅದೇ ಕೆಲಸವನ್ನು ಮಾಡುತ್ತವೆ.

ದೇಹವೇ ಮಾಡಿಕೊಳ್ಳುವ ಉತ್ಕರ್ಷಣ

ಇಷ್ಟು ಓದಿದ ಮೇಲೆ ಆಕ್ಸಿಸ್ಟೆರಾಲ್‌ಗಳೆಲ್ಲವೂ ಶತ್ರುಗಳೇ ಎಂಬ ಭಾವನೆ ಮೂಡಬಹುದು. ವಸ್ತುಸ್ಥಿತಿ ಹಾಗಿಲ್ಲ. ದೇಹವು ಕಿಣ್ವಗಳ ಮೂಲಕ, ಗೊತ್ತಾದ ಸ್ಥಾನದಲ್ಲಿ, ಬೇಕಾದಷ್ಟೇ ಪ್ರಮಾಣದಲ್ಲಿ ಕೊಲೆಸ್ಟ್ರಾಲ್‌ಗೆ ಆಮ್ಲಜನಕವನ್ನು ಕೂಡಿಸಿಕೊಳ್ಳುತ್ತದೆ. ಯಕೃತ್ತು ಪಿತ್ತಾಮ್ಲವನ್ನು ತಯಾರಿಸುವುದು ಈ ಹಾದಿಯಲ್ಲಿಯೇ. ಮಿದುಳಿನೊಳಗಿನ ಕೊಲೆಸ್ಟ್ರಾಲ್ ಹಾಗೆಯೇ ರಕ್ತಕ್ಕೆ ದಾಟಲಾರದು. ಅದರ 24ನೆಯ ಇಂಗಾಲಕ್ಕೆ ಆಮ್ಲಜನಕವನ್ನು ಸೇರಿಸಿದಾಗ ಅದು ಪೊರೆಗಳನ್ನು ಹಾದು ಹೊರಬರುತ್ತದೆ. ಮಿದುಳು ತನ್ನ ಹೆಚ್ಚುವರಿ ಕೊಲೆಸ್ಟ್ರಾಲನ್ನು ಹೊರಹಾಕುವ ಮುಖ್ಯ ಮಾರ್ಗ ಇದೇ.

ಆಕ್ಸಿಸ್ಟೆರಾಲ್‌ಗಳಿಗೆ ಇನ್ನೊಂದು ಹೊಣೆಯೂ ಇದೆ. 1970ರ ದಶಕದಲ್ಲಿ ಅಮೆರಿಕದ ಆಂಡ್ರ್ಯೂ ಕಾಂಡುಷ್ ಮತ್ತು ಸಂಗಡಿಗರು ಒಂದು ಕುತೂಹಲದ ಸಂಗತಿಯನ್ನು ಕಂಡರು. ಚೆನ್ನಾಗಿ ಶುದ್ಧಗೊಳಿಸಿದ ಕೊಲೆಸ್ಟ್ರಾಲನ್ನು ಜೀವಕೋಶಗಳಿಗೆ ಉಣಿಸಿದಾಗ ಅವುಗಳ ಸ್ವಂತ ತಯಾರಿಕೆ ಅಷ್ಟಾಗಿ ತಗ್ಗಲಿಲ್ಲ. ಉತ್ಕರ್ಷಣಗೊಂಡ ಕೊಲೆಸ್ಟ್ರಾಲಿನ ಅಲ್ಪಾಂಶವನ್ನು ಕೊಟ್ಟರೂ ತಯಾರಿಕೆ ಥಟ್ಟನೆ ಕುಗ್ಗಿತು. ಕಣಜ ತುಂಬಿತೆಂದು ಕೋಶಕ್ಕೆ ತಿಳಿಸುವ ಸಂದೇಶವಾಹಕಗಳಲ್ಲಿ ಆಕ್ಸಿಸ್ಟೆರಾಲ್‌ಗಳೂ ಸೇರಿವೆಯೆಂಬುದು ಇದರಿಂದ ಹೊಳೆಯಿತು. ಇವು ಕೋಶಕೇಂದ್ರದ ಒಂದು ಗ್ರಾಹಕವನ್ನು ಎಚ್ಚರಿಸಿ, ಹೆಚ್ಚಾದ ಕೊಲೆಸ್ಟ್ರಾಲನ್ನು ಹೊರಸಾಗಿಸುವ ವ್ಯವಸ್ಥೆಯನ್ನೂ ಚುರುಕುಗೊಳಿಸುತ್ತವೆಯೆಂದು ಮುಂದೆ ತಿಳಿದುಬಂದಿತು.

ಈ ಅಳತೆಯ ಉತ್ಕರ್ಷಣ ನಡೆಯದಿದ್ದರೆ ಏನಾದೀತೆಂಬುದಕ್ಕೆ ಒಂದು ಅಪರೂಪದ ವಂಶವಾಹಿ ರೋಗವೇ ಸಾಕ್ಷಿ. 27ನೆಯ ಇಂಗಾಲಕ್ಕೆ ಆಮ್ಲಜನಕ ಸೇರಿಸುವ ಕಿಣ್ವ ಹುಟ್ಟಿನಿಂದಲೇ ಕೆಟ್ಟಿದ್ದರೆ ಪಿತ್ತಾಮ್ಲ ಸರಿಯಾಗಿ ಸಿದ್ಧವಾಗದು. ಕೊಲೆಸ್ಟ್ರಾಲ್‌ಗೆ ಹತ್ತಿರದ ಕೊಲೆಸ್ಟನಾಲ್ ಎಂಬ ವಸ್ತು ಮಿದುಳಿನಲ್ಲಿಯೂ ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿಯೂ ಶೇಖರವಾಗುತ್ತದೆ. ಬಾಲ್ಯದಲ್ಲಿ ಬಿಡದ ಭೇದಿ, ಎಳೆಯ ವಯಸ್ಸಿನಲ್ಲೇ ಕಣ್ಣಿನ ಪೊರೆ, ಬಳಿಕ ನಡಿಗೆಯ ಹಾಗೂ ಬುದ್ಧಿಯ ಕುಂದು ತಲೆದೋರುತ್ತವೆ. ಬೇಗ ಗುರುತಿಸಿ, ಕೊರತೆಯಾದ ಪಿತ್ತಾಮ್ಲವನ್ನು ಔಷಧವಾಗಿ ಕೊಟ್ಟರೆ ರೋಗವನ್ನು ತಡೆಯಲು ಸಾಧ್ಯವಿದೆ.

ಹಾಗಾದರೆ ಹಿತವಾವುದು, ಅಹಿತವಾವುದು? ಒಲೆಯೊಳಗೆ ಅಡಗಿರುವ ಬೆಂಕಿ ಅನ್ನ ಬೇಯಿಸುತ್ತದೆ, ಅದೇ ಬೆಂಕಿ ಸೂರಿಗೆ ತಗುಲಿದರೆ ಮನೆಯನ್ನು ಸುಡುತ್ತದೆ. ಕಿಣ್ವದ ಅಂಕೆಯಲ್ಲಿ ನಡೆಯುವ ಉತ್ಕರ್ಷಣ ಮೊದಲನೆಯದು, ಮುಕ್ತ ರ‍್ಯಾಡಿಕಲ್‌ಗಳಿಂದ ಅಡ್ಡಾದಿಡ್ಡಿಯಾಗಿ ನಡೆಯುವುದು ಎರಡನೆಯದು.

ಜೀವಕೋಶದೊಳಗಿನ ಹಾನಿ

ಕೆಟ್ಟ ಕೊಲೆಸ್ಟ್ರಾಲ್ ಜೀವಕೋಶವನ್ನು ಹಲವು ನೆಲೆಗಳಲ್ಲಿ ಪೀಡಿಸುತ್ತದೆ. ಮೊದಲಿನ ಪೆಟ್ಟು ಕೋಶಪೊರೆಗೆ. ಶುದ್ಧ ಕೊಲೆಸ್ಟ್ರಾಲ್ ಅಣು ನೆಟ್ಟಗೆ ಚಪ್ಪಟೆಯಾಗಿದ್ದು, ಗೋಡೆಯ ಕಲ್ಲುಗಳ ಸಂದಿಯಲ್ಲಿ ಚಕ್ಕೆಗಲ್ಲು ಕೂರುವಂತೆ ಪೊರೆಯ ಕೊಬ್ಬಿನ ಅಣುಗಳ ನಡುವೆ ಒತ್ತಾಗಿ ಕೂರುತ್ತದೆ. ಹೆಚ್ಚುವರಿ ಆಮ್ಲಜನಕ ಹೊತ್ತ ಅಣು ಹಾಗೆ ಕೂರಲಾರದು. ಪೊರೆಯ ಕಟ್ಟು ಸಡಿಲವಾಗುತ್ತದೆ. ಒಳಗೆ ಮಿತವಾಗಿಯೇ ಇರಬೇಕಾದ ಕ್ಯಾಲ್ಸಿಯಂ ನುಗ್ಗುತ್ತದೆ. ಕೋಶವನ್ನು ಸಾವಿನ ದಾರಿಗೆ ತಳ್ಳುವ ಸಂಕೇತಗಳಲ್ಲಿ ಇದೂ ಒಂದು.

ಎರಡನೆಯ ಪೆಟ್ಟು ಮೈಟೊಕಾಂಡ್ರಿಯಗಳಿಗೆ, ಅಂದರೆ ಕೋಶಕ್ಕೆ ಶಕ್ತಿಯೊದಗಿಸುವ ಕಣಗಳಿಗೆ. 7-ಕೀಟೊಕೊಲೆಸ್ಟ್ರಾಲ್ ತಗುಲಿದ ಕೋಶಗಳಲ್ಲಿ ಮೈಟೊಕಾಂಡ್ರಿಯಗಳು ಕಂಗೆಟ್ಟು, ಮತ್ತಷ್ಟು ಮುಕ್ತ ರ‍್ಯಾಡಿಕಲ್‌ಗಳನ್ನು ಉಗುಳುತ್ತವೆಯೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಹೀಗೆ ತುಕ್ಕು ತುಕ್ಕನ್ನೇ ಹೆಚ್ಚಿಸುತ್ತದೆ. ಮೂರನೆಯದು ಲೈಸೊಸೋಮ್‌ಗಳ ಮೇಲಿನ ಹೊರೆ. ಕೋಶದ ಕಸವನ್ನು ಅರಗಿಸುವ ಈ ಚೀಲಗಳಲ್ಲಿ ಅರಗದ ಜಿಡ್ಡು ತುಂಬಿಕೊಂಡು ಅವು ಸೋರತೊಡಗುತ್ತವೆ. ಕೊನೆಯದಾಗಿ, ತೊಂದರೆಗೊಳಗಾದ ಕೋಶವು ಉರಿಯೂತದ ಸಂಕೇತಗಳನ್ನು ಹೊರಡಿಸಿ ರಕ್ತದ ಬಿಳಿಕಣಗಳನ್ನು ತನ್ನೆಡೆಗೆ ಕರೆಯುತ್ತದೆ. ನೆರವಿಗೆಂದು ಬಂದವರೇ ನೂಕುನುಗ್ಗಲಿಗೆ ಕಾರಣರಾಗುವಂತೆ, ಇವುಗಳ ಆಗಮನದಿಂದಲೇ ಮುಂದಿನ ಅನಾಹುತ ತೊಡಗುತ್ತದೆ.

ರಕ್ತನಾಳದ ಗೋಡೆಯಲ್ಲಿ ನಡೆಯುವುದೇನು?

1913ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೊವ್ ಎಂಬ ವೈದ್ಯವಿಜ್ಞಾನಿ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲನ್ನು ಮೊಲಗಳಿಗೆ ಉಣಿಸಿ, ಅವುಗಳ ರಕ್ತನಾಳಗಳಲ್ಲಿ ಜಿಡ್ಡು ಕಟ್ಟಿಕೊಳ್ಳುವುದನ್ನು ತೋರಿಸಿದರು. ಹೃದ್ರೋಗಕ್ಕೂ ಕೊಲೆಸ್ಟ್ರಾಲ್‌ಗೂ ಇರುವ ನಂಟಿಗೆ ಅದು ಅಡಿಗಲ್ಲಾಯಿತು. 1976ರಲ್ಲಿ ಅಮೆರಿಕದ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರಯೋಗಕ್ಕೆ ಬಳಸುತ್ತಿದ್ದ ಕೊಲೆಸ್ಟ್ರಾಲಿನಲ್ಲಿಯೇ ಕಲ್ಮಶಗಳಿದ್ದವೆಂದು ಪ್ರಕಟಿಸಿದರು. ಗಾಳಿಗೆ ತೆರೆದುಕೊಂಡು ಕೆಟ್ಟಿದ್ದ ಆ ಉತ್ಕರ್ಷಿತ ಅಂಶಗಳನ್ನು ಬೇರ್ಪಡಿಸಿ ಮೊಲಗಳಿಗೆ ಕೊಟ್ಟಾಗ ಅವುಗಳ ರಕ್ತನಾಳದ ಕೋಶಗಳು ಬಹುಬೇಗ ಸತ್ತವು. ಶುದ್ಧಗೊಳಿಸಿದ ಕೊಲೆಸ್ಟ್ರಾಲ್ ಅಂತಹ ಹಾನಿ ಮಾಡಲಿಲ್ಲ.

ಇದೇ ಕಾಲಕ್ಕೆ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಎಂಬ ವೈದ್ಯರು ಎಲ್‌ಡಿಎಲ್ ಕಣವನ್ನು ಒಳಗೆ ಬರಮಾಡಿಕೊಳ್ಳುವ ಗ್ರಾಹಕವನ್ನು ಪತ್ತೆಮಾಡಿದ್ದರು. 1985ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಆದರೆ ಅವರ ಮುಂದೆ ಒಂದು ಒಗಟು ನಿಂತಿತ್ತು. ಕೋಶವು ತನಗೆ ಸಾಕೆನಿಸಿದಾಗ ಈ ಗ್ರಾಹಕಗಳನ್ನು ತಗ್ಗಿಸಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಹುಟ್ಟಿನಿಂದಲೇ ಈ ಗ್ರಾಹಕ ಇಲ್ಲದವರೂ ಇದ್ದಾರೆ. ಅಂಥವರ ರಕ್ತನಾಳದ ಭಕ್ಷಕ ಕೋಶಗಳಲ್ಲಿಯೂ ಕೊಲೆಸ್ಟ್ರಾಲ್ ತುಂಬಿ ತುಳುಕುತ್ತಿತ್ತು. ಅದು ಒಳಬಂದದ್ದು ಯಾವ ಬಾಗಿಲಿನಿಂದ?

ರೂಪ ಬದಲಿಸಿದ ಎಲ್‌ಡಿಎಲ್‌ಗೆ ಬೇರೊಂದು ಬಾಗಿಲಿದೆಯೆಂದು 1979ರಲ್ಲಿ ಅವರೇ ತೋರಿಸಿದರು. ಕಸ ಗುಡಿಸುವ ಈ ಗ್ರಾಹಕಗಳಿಗೆ ಸಾಕೆಂಬುದೇ ಇಲ್ಲ. ದೇಹದೊಳಗೆ ಆ ರೂಪಾಂತರವನ್ನು ಮಾಡುವುದು ಉತ್ಕರ್ಷಣವೆಂಬುದನ್ನು 1980ರ ದಶಕದಲ್ಲಿ ಡೇನಿಯಲ್ ಸ್ಟೈನ್‌ಬರ್ಗ್ ಮತ್ತು ಅವರ ಸಹೋದ್ಯೋಗಿಗಳು ಸ್ಪಷ್ಟಪಡಿಸಿದರು.

ಈಗ ನಮಗೆ ತಿಳಿದಿರುವ ಕ್ರಮ ಹೀಗಿದೆ. ರಕ್ತದಲ್ಲಿ ಎಲ್‌ಡಿಎಲ್ ಹೆಚ್ಚಿದಾಗ ಅದರ ಕಣಗಳು ರಕ್ತನಾಳದ ಒಳಪದರವನ್ನು ದಾಟಿ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತವೆ. ರಕ್ತದಲ್ಲಿರುವ ರಕ್ಷಣೆ ಅಲ್ಲಿಲ್ಲ. ಅಲ್ಲಿ ಅವು ಉತ್ಕರ್ಷಣಗೊಳ್ಳುತ್ತವೆ. ಭಕ್ಷಕ ಕೋಶಗಳು ಬಂದು, ಈ ಕೆಟ್ಟ ಕಣಗಳನ್ನು ಕಸವೆಂದು ತಿಳಿದು ನುಂಗುತ್ತ ಹೋಗುತ್ತವೆ. ಹೊಟ್ಟೆ ತುಂಬಿದ ಮೇಲೂ ನುಂಗುತ್ತವೆ. ಸೂಕ್ಷ್ಮದರ್ಶಕದಲ್ಲಿ ನೊರೆ ತುಂಬಿದಂತೆ ಕಾಣುವುದರಿಂದ ಇವಕ್ಕೆ ನೊರೆಕೋಶಗಳೆಂದು ಹೆಸರು. ಒಳಗಿನ ಆಕ್ಸಿಸ್ಟೆರಾಲ್‌ಗಳ ವಿಷದಿಂದ ಅವು ಸತ್ತಾಗ ಜಿಡ್ಡಿನ ರಾಶಿಯೊಂದು ಉಳಿಯುತ್ತದೆ. ದೇಹವು ಅದರ ಮೇಲೆ ನಾರಿನ ಮುಚ್ಚಳವನ್ನು ಹೊದಿಸುತ್ತದೆ. ವರ್ಷಗಟ್ಟಲೆ ಯಾವ ನೋವೂ ಇರುವುದಿಲ್ಲ. ಒಂದು ದಿನ ಆ ಮುಚ್ಚಳ ತೆಳುವಾಗಿ ಬಿರಿದರೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಹೃದಯದ ನಾಳದಲ್ಲಾದರೆ ಹೃದಯಾಘಾತ, ಮಿದುಳಿನ ನಾಳದಲ್ಲಾದರೆ ಪಾರ್ಶ್ವವಾಯು.

ಇತರ ಅಂಗಗಳಲ್ಲಿಯೂ ಇವುಗಳ ಹೆಜ್ಜೆಗುರುತು ಕಂಡಿದೆ. ಮುಪ್ಪಿನಲ್ಲಿ ದೃಷ್ಟಿಯ ನಡುಭಾಗವನ್ನು ಮಸುಕುಗೊಳಿಸುವ ಅಕ್ಷಿಪಟಲದ ರೋಗದಲ್ಲಿ 7-ಕೀಟೊಕೊಲೆಸ್ಟ್ರಾಲಿನ ಪಾತ್ರವನ್ನು ವಿಜ್ಞಾನಿಗಳು ಪರಿಶೀಲಿಸುತ್ತಿದ್ದಾರೆ. ದೇಹವೇ ತಯಾರಿಸುವ 27-ಹೈಡ್ರಾಕ್ಸಿಕೊಲೆಸ್ಟ್ರಾಲ್ ಈಸ್ಟ್ರೊಜೆನ್ ಗ್ರಾಹಕಕ್ಕೆ ಅಂಟಿಕೊಂಡು, ಇಲಿಗಳಲ್ಲಿ ಸ್ತನದ ಗೆಡ್ಡೆಗಳ ಬೆಳವಣಿಗೆಗೆ ಇಂಬುಕೊಡುತ್ತದೆಯೆಂದು 2013ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿತು. ಇಲಿಗಳಲ್ಲಿ ಕಂಡುದೆಲ್ಲವೂ ಮನುಷ್ಯರಿಗೆ ಹಾಗೆಯೇ ಅನ್ವಯಿಸಬೇಕೆಂದಿಲ್ಲ. ಹೃದಯ ಮತ್ತು ರಕ್ತನಾಳಗಳ ವಿಷಯದಲ್ಲಿರುವಷ್ಟು ಪುರಾವೆ ಇಲ್ಲಿ ಇನ್ನೂ ಒದಗಿಲ್ಲ.

ತುಪ್ಪದ ಪ್ರಶ್ನೆ

ಈ ವಿಷಯ ನಮ್ಮ ಅಡುಗೆಮನೆಯನ್ನು ನೇರವಾಗಿ ಮುಟ್ಟಿದ್ದು 1987ರಲ್ಲಿ. ಅಮೆರಿಕದ ವೈದ್ಯ ಮಾರ್ಕ್ ಜೇಕಬ್‌ಸನ್ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಭಾರತೀಯ ತುಪ್ಪವನ್ನು ಕುರಿತು ಒಂದು ಲೇಖನ ಬರೆದರು. ಅವರು ಪರೀಕ್ಷಿಸಿದ ತುಪ್ಪದ ಸ್ಟೆರಾಲ್‌ಗಳಲ್ಲಿ ಶೇಕಡಾ 12.3ರಷ್ಟು ಉತ್ಕರ್ಷಣಗೊಂಡ ಕೊಲೆಸ್ಟ್ರಾಲ್ ಆಗಿತ್ತು. ತಾಜಾ ಬೆಣ್ಣೆಯಲ್ಲಿ ಅದು ಕಾಣಲಿಲ್ಲ. ವಿದೇಶಗಳಲ್ಲಿ ನೆಲೆಸಿದ ಭಾರತೀಯರಲ್ಲಿ ಹೃದ್ರೋಗ ಹೆಚ್ಚಾಗಿರುವುದಕ್ಕೆ ಇದೊಂದು ಕಾರಣವಿರಬಹುದೆಂದು ಅವರು ಊಹಿಸಿದರು.

ಇದನ್ನೇ ಹಿಡಿದು ತುಪ್ಪವನ್ನು ಅಪರಾಧಿಯೆಂದು ಸಾರುವುದು ಅವಸರವಾದೀತು. ಅದು ಊಹೆಯೆಂದು ಆ ಲೇಖನದ ಶಿರೋನಾಮೆಯೇ ಸೂಚಿಸಿತ್ತು. ಇನ್ನೊಂದೆಡೆ, 2000ದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಇಲಿಗಳಿಗೆ ತುಪ್ಪ ಉಣಿಸಿದಾಗ ಪಿತ್ತದ ಮೂಲಕ ಜಿಡ್ಡು ಹೆಚ್ಚು ಹೊರಹೋಗಿ ರಕ್ತದ ಕೊಲೆಸ್ಟ್ರಾಲ್ ತಗ್ಗಿದ್ದನ್ನು ವರದಿಮಾಡಿದರು. ಇದನ್ನೇ ಹಿಡಿದು ತುಪ್ಪವನ್ನು ಔಷಧವೆಂದು ಹೊಗಳುವುದೂ ಸರಿಯಲ್ಲ. ತುಪ್ಪದ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚಿನದು ಪರ್ಯಾಪ್ತ ಕೊಬ್ಬು. ಅದು ಅತಿಯಾದರೆ ಮನುಷ್ಯರ ರಕ್ತದಲ್ಲಿ ಎಲ್‌ಡಿಎಲ್ ಏರುತ್ತದೆ.

2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಅಧ್ಯಯನವು 52 ದೇಶಗಳ ಹೃದಯಾಘಾತದ ರೋಗಿಗಳನ್ನು ಪರಿಶೀಲಿಸಿತು. ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿಗೆ ಬಂದರೆ, ಇತರರಿಗೆ ಸುಮಾರು 59ಕ್ಕೆ ಬಂದಿತ್ತು. ಈ ಆರು ವರ್ಷಗಳ ಅಂತರಕ್ಕೆ ಕಾರಣಗಳನ್ನು ಹುಡುಕಿದಾಗ ದೊರೆತವು ಗೊತ್ತಿರುವ ಸಂಗತಿಗಳೇ: ತಂಬಾಕು, ರಕ್ತದ ಕೆಟ್ಟ ಕೊಬ್ಬು, ಮಧುಮೇಹ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು, ದುಡಿಮೆಯಿಲ್ಲದ ಮೈ, ಕಾಯಿಪಲ್ಲೆ ಹಣ್ಣುಗಳ ಕೊರತೆ ಮುಂತಾದವು. ನಮ್ಮಲ್ಲಿ ಇವು ಎಳೆಯ ವಯಸ್ಸಿನಲ್ಲೇ ಬಂದು ಸೇರುತ್ತಿವೆ. ಹೋಳಿಗೆಯ ಮೇಲಿನ ಒಂದು ಚಮಚ ತುಪ್ಪವನ್ನು ಬಿಟ್ಟು, ಗುಟ್ಕಾದ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡವರಿಗೆ ಆ ತ್ಯಾಗದಿಂದ ಏನೂ ಒದಗದು.

ಅಡುಗೆಮನೆಯಲ್ಲಿ ಪಾಲಿಸಬೇಕಾದುವು

ಆಹಾರದಲ್ಲಿರುವ ಆಕ್ಸಿಸ್ಟೆರಾಲ್‌ಗಳಲ್ಲಿ ಒಂದಂಶ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಆದುದರಿಂದ ಜಿಡ್ಡನ್ನು ಕೆಡದಂತೆ ಬಳಸುವುದು ಜಾಣತನ. ಬೆಣ್ಣೆಯನ್ನು ಮಂದ ಉರಿಯಲ್ಲಿ ಕಾಯಿಸಿ, ತಳದ ಗಷ್ಟು ಹೊಂಬಣ್ಣಕ್ಕೆ ತಿರುಗಿದೊಡನೆ ಇಳಿಸಬೇಕು. ಕಪ್ಪಾಗುವವರೆಗೆ ಬಿಡಬಾರದು. ಸ್ವಲ್ಪ ಸ್ವಲ್ಪವಾಗಿ ಕಾಯಿಸಿಕೊಂಡು, ಮುಚ್ಚಳ ಬಿಗಿಯಾದ ಪಾತ್ರೆಯಲ್ಲಿ ಬೆಳಕು ತಾಗದ ಕಡೆ ಇಡಬೇಕು. ಒದ್ದೆ ಚಮಚ ಹಾಕಬಾರದು. ಕಮಟು ವಾಸನೆ ಬಂದ ತುಪ್ಪವನ್ನು ಮತ್ತೆ ಕಾಯಿಸಿ ಬಳಸುವ ರೂಢಿ ಬೇಡ. ಕಾವಿಗೆ ವಾಸನೆ ಹೋದರೂ ಕೆಟ್ಟ ಕೊಲೆಸ್ಟ್ರಾಲ್ ಹೋಗದು.

ತುಪ್ಪ ಕಾಯಿಸುವಾಗ ಕರಿಬೇವು ಅಥವಾ ವೀಳ್ಯದೆಲೆ ಹಾಕುವುದನ್ನು ನಮ್ಮ ಹಿರಿಯ ತಾಯಂದಿರು ಬಲ್ಲರು. ಈ ಎರಡು ಎಲೆಗಳಿಗೆ ತುಪ್ಪದ ಉತ್ಕರ್ಷಣವನ್ನು ತಡೆಯುವ ಗುಣವಿದೆಯೆಂದು ಭಾರತದ ಡೈರಿ ವಿಜ್ಞಾನಿಗಳು 1979ರಲ್ಲಿಯೇ ಪ್ರಕಟಿಸಿದ್ದಾರೆ. ಪರಿಮಳಕ್ಕೆಂದು ಬಂದ ರೂಢಿ ರಕ್ಷಣೆಯೂ ಆಗಿದೆ.

ಕರಿಯುವ ಎಣ್ಣೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಅವಶ್ಯ. ಶೇಂಗಾ, ಕುಸುಬೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇಲ್ಲ ಎಂಬುದು ನಿಜ. ಆದರೆ ಅವುಗಳ ಕೊಬ್ಬಿನಾಮ್ಲಗಳು ಪದೇಪದೇ ಕಾದಾಗ ಕೆಡುತ್ತವೆ. ಉತ್ತರ ಕರ್ನಾಟಕದವರಿಗೆ ಪ್ರಿಯವಾದ ಸಾಂಪ್ರದಾಯಿಕ ಕುಸುಬೆ ಎಣ್ಣೆಯಲ್ಲಿ ಬಹು ಅಪರ್ಯಾಪ್ತ ಕೊಬ್ಬಿನಾಮ್ಲ ಶೇಕಡಾ 70ಕ್ಕೂ ಮಿಗಿಲಾಗಿರುತ್ತದೆ. ಪಲ್ಯ, ಒಗ್ಗರಣೆಗಳಿಗೆ ಅದು ಒಳ್ಳೆಯದು. ದೀರ್ಘಕಾಲ ಕರಿಯಲು ಶೇಂಗಾ ಎಣ್ಣೆ ಅದಕ್ಕಿಂತ ಹೆಚ್ಚು ತಾಳಿಕೊಳ್ಳುತ್ತದೆ. ಕರಿದು ಉಳಿದ ಎಣ್ಣೆಗೆ ಹೊಸದನ್ನು ಸುರಿದು ಮತ್ತೆ ಮತ್ತೆ ಕಾಯಿಸುವುದು ಹಾನಿಕರ.

ಎಣ್ಣೆ ಕೆಟ್ಟಿರುವುದನ್ನು ಅಳೆಯಲು ಒಂದು ಮಾನದಂಡವಿದೆ. ಅದರಲ್ಲಿ ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇಕಡಾ 25ನ್ನು ದಾಟಿದರೆ ಅದನ್ನು ಅಡುಗೆಗೆ ಬಳಸಕೂಡದೆಂಬ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಬಣ್ಣ ಕಪ್ಪಾಗಿ, ಮಂದವಾಗಿ, ನೊರೆಯೇಳುತ್ತ, ಬೇಗ ಹೊಗೆಯಾಡತೊಡಗಿದ ಎಣ್ಣೆಯನ್ನು ಮನೆಯಲ್ಲಿ ಅಳತೆಯಿಲ್ಲದೆಯೂ ಗುರುತಿಸಬಹುದು. ಜಾತ್ರೆ, ಮದುವೆ, ದಾಸೋಹಗಳಲ್ಲಿ ನೂರಾರು ಜನರಿಗೆ ಅಡುಗೆ ಮಾಡುವ ಭಕ್ತರು ಇದನ್ನು ವಿಶೇಷವಾಗಿ ಗಮನಿಸಬೇಕು. ಮೊದಲ ದಿನ ಬಜ್ಜಿ ಕರಿದ ಎಣ್ಣೆ ಮೂರನೆಯ ದಿನದ ಪೂರಿಗೆ ಬಾರದಂತೆ ನೋಡಿಕೊಳ್ಳುವುದೂ ಉಣ್ಣುವವರಿಗೆ ಸಲ್ಲಿಸುವ ಸೇವೆಯೇ.

ಗುಳಿಗೆಗಳಿಂದ ತುಕ್ಕು ಬಿಡುವುದೇ?

ಉತ್ಕರ್ಷಣದಿಂದ ರೋಗ ಬರುವುದಾದರೆ, ಉತ್ಕರ್ಷಣ ನಿರೋಧಕ ಗುಳಿಗೆ ನುಂಗಿದರೆ ಸಾಕಲ್ಲವೇ ಎಂದು ತರ್ಕಿಸುವುದು ಸಹಜ. ವಿಜ್ಞಾನಿಗಳೂ ಹಾಗೆಯೇ ಆಶಿಸಿದ್ದರು. 2002ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಹೃದಯ ಸಂರಕ್ಷಣಾ ಅಧ್ಯಯನದಲ್ಲಿ 20,536 ಮಂದಿ ಭಾಗವಹಿಸಿದ್ದರು. ಸುಮಾರು ಐದು ವರ್ಷ ಇ ಜೀವಸತ್ವ, ಸಿ ಜೀವಸತ್ವ, ಬೀಟಾ ಕ್ಯಾರೊಟಿನ್‌ಗಳನ್ನು ನಿತ್ಯ ಸೇವಿಸಿದವರಿಗೆ ಹೃದಯಾಘಾತದಿಂದ ಯಾವ ರಕ್ಷಣೆಯೂ ದೊರೆಯಲಿಲ್ಲ. ಅದೇ ಅಧ್ಯಯನದಲ್ಲಿ ಎಲ್‌ಡಿಎಲ್ ತಗ್ಗಿಸುವ ಸಿಂವಾಸ್ಟ್ಯಾಟಿನ್ ಗುಳಿಗೆಯನ್ನು ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಸುಮಾರು ಕಾಲುಭಾಗದಷ್ಟು ಕಡಿಮೆಯಾದವು. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವಂತೂ ಎಚ್ಚರಿಕೆಯ ಗಂಟೆಯನ್ನೇ ಬಾರಿಸಿತು. ಬೀಟಾ ಕ್ಯಾರೊಟಿನ್ ಗುಳಿಗೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು.

ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಬೆಂಕಿ ಹತ್ತಿದ ಮೇಲೆ ನೀರು ಸಿಂಪಡಿಸುವುದಕ್ಕಿಂತ ಕಟ್ಟಿಗೆಯ ರಾಶಿಯನ್ನು ಕಡಿಮೆ ಮಾಡುವುದು ಫಲಕಾರಿ. ರಕ್ತನಾಳದ ಗೋಡೆಗೆ ನುಗ್ಗುವ ಎಲ್‌ಡಿಎಲ್ ಕಡಿಮೆಯಾದರೆ ಅಲ್ಲಿ ಕೆಡುವ ಕೊಲೆಸ್ಟ್ರಾಲೂ ಕಡಿಮೆಯಾಗುತ್ತದೆ. ವೈದ್ಯರು ಬರೆದುಕೊಟ್ಟ ಸ್ಟ್ಯಾಟಿನ್ ಗುಳಿಗೆಯನ್ನು ನಡುವೆ ನಿಲ್ಲಿಸಿ, ಅದರ ಬದಲು ದುಬಾರಿ ಬೆಲೆಯ ಜೀವಸತ್ವದ ಡಬ್ಬಿಗಳನ್ನು ಕೊಳ್ಳುವವರು ನಮ್ಮ ನಡುವೆ ಇದ್ದಾರೆ. ಅವರು ಕಾಯುವ ಆಳನ್ನು ಕಳುಹಿಸಿ ಬೆದರುಗೊಂಬೆಯನ್ನು ನಿಲ್ಲಿಸಿಕೊಂಡಂತೆ. ಗುಳಿಗೆಯಿಂದ ಮೈಕೈ ನೋವು ಮೊದಲಾದ ತೊಂದರೆ ಕಂಡರೆ ವೈದ್ಯರಿಗೆ ತಿಳಿಸಿ ಪ್ರಮಾಣವನ್ನೋ ಔಷಧವನ್ನೋ ಬದಲಿಸಿಕೊಳ್ಳಬೇಕೇ ಹೊರತು ತಾವಾಗಿ ಬಿಡಬಾರದು.

ಗುಳಿಗೆ ಸೋತಿತೆಂದು ಸೊಪ್ಪು, ಕಾಯಿಪಲ್ಲೆ, ಹಣ್ಣು, ಕಾಳುಗಳನ್ನು ಹಗುರವಾಗಿ ಕಾಣಬೇಕಿಲ್ಲ. ಅವುಗಳಲ್ಲಿರುವ ನಾರು ಪಿತ್ತಾಮ್ಲಗಳನ್ನು ಹಿಡಿದು ಹೊರಗೊಯ್ಯುತ್ತದೆ. ಆಗ ಯಕೃತ್ತು ಹೊಸ ಪಿತ್ತಾಮ್ಲಕ್ಕಾಗಿ ರಕ್ತದಿಂದ ಕೊಲೆಸ್ಟ್ರಾಲನ್ನು ಸೆಳೆದುಕೊಳ್ಳುತ್ತದೆ. ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ, ಹಸಿಸೊಪ್ಪಿನ ಪಚಡಿಗಳಿರುವ ನಮ್ಮ ಊಟದಲ್ಲಿ ನಾರಿಗೆ ಕೊರತೆಯಿಲ್ಲ. ಪಾಲಿಷ್ ಮಾಡಿದ ಅನ್ನ ಮತ್ತು ಮೈದಾದ ತಿನಿಸುಗಳು ಆ ಜಾಗವನ್ನು ಆಕ್ರಮಿಸದಂತೆ ನೋಡಿಕೊಂಡರೆ ಸಾಕು.

ಉತ್ಕರ್ಷಣಗೊಂಡ ಕೊಲೆಸ್ಟ್ರಾಲನ್ನು ಅಳೆಯಲು ಪ್ರತ್ಯೇಕ ಪರೀಕ್ಷೆ ಮಾಡಿಸಬೇಕೆಂದೇನೂ ಇಲ್ಲ. ತಾಲೂಕು ಮಟ್ಟದಲ್ಲಿಯೂ ದೊರೆಯುವ ಸಾಮಾನ್ಯ ರಕ್ತದ ಕೊಬ್ಬಿನ ಪರೀಕ್ಷೆಯೇ ಸಾಕಾಗುತ್ತದೆ. ಎಲ್‌ಡಿಎಲ್ ಒಂದು ಡೆಸಿಲೀಟರಿಗೆ 100 ಮಿಲಿಗ್ರಾಮಿನೊಳಗೆ ಇರುವುದು ಒಳ್ಳೆಯದು. ಹೃದ್ರೋಗ ಈಗಾಗಲೇ ಇರುವವರಲ್ಲಿ ಅದು 70ಕ್ಕಿಂತಲೂ ಕೆಳಗಿರಬೇಕೆಂದು ವೈದ್ಯರು ಬಯಸುತ್ತಾರೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ, ಅಂತಹ ಮನೆಯ ಮಕ್ಕಳೂ ಮೈ ತೆಳ್ಳಗಿದೆ, ಶಾಕಾಹಾರಿಗಳು ಎಂದು ಸುಮ್ಮನಿರದೆ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬೀಡಿ, ಸಿಗರೇಟು, ಗುಟ್ಕಾಗಳನ್ನು ಪೂರ್ತಿಯಾಗಿ ಬಿಡುವುದು, ಸಕ್ಕರೆ ಮತ್ತು ರಕ್ತದೊತ್ತಡಗಳನ್ನು ಹತೋಟಿಯಲ್ಲಿಡುವುದು, ನಿತ್ಯ ಅರ್ಧ ಗಂಟೆ ಚುರುಕಾಗಿ ನಡೆಯುವುದು, ಇವು ಖರ್ಚಿಲ್ಲದ ಉಪಾಯಗಳು. ರಕ್ತನಾಳದೊಳಗಿನ ತುಕ್ಕು ಕಣ್ಣಿಗೆ ಕಾಣದೆ, ನೋವು ಕೊಡದೆ ಬೆಳೆಯುತ್ತದೆ. ನೋವು ಬಂದ ದಿನ ಮಾಡುವ ಚಿಕಿತ್ಸೆಗಿಂತ ನೋವಿಲ್ಲದ ದಿನಗಳಲ್ಲಿ ವಹಿಸುವ ಎಚ್ಚರವೇ ಹೆಚ್ಚು ಜೀವಗಳನ್ನು ಉಳಿಸುತ್ತದೆ. ಮನೆಯಲ್ಲಿ ಮೂವತ್ತು ದಾಟಿದ ಪ್ರತಿಯೊಬ್ಬರೂ ಈ ವರ್ಷ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿ, ವರದಿಯನ್ನು ವೈದ್ಯರಿಗೆ ತೋರಿಸುವುದು ಒಳಿತು.